ಬೆಲ್ಟ್ ಹಾಕಲು ಇನ್ನೊಬ್ಬರು ಬೇಕು

ಅಪ್ಪಾ,

ನೀನು ಬಿಟ್ಟುಹೋದ ಕಾರಿನ ಎಂಜಿನ್ ಬೆಲ್ಟನ್ನು ಇವತ್ತು ನಾನೇ ಬದಲಿಸಿದೆ. ಸೊಂಟ ಬಿದ್ದುಹೋಗಿದೆ. ಅದು ಯಾವ ಪುಲ್ಲಿಯನ್ನು ಹೇಗೆ ಸುತ್ತಿದೆಯೆಂದು ಬರೆದುಕೊಳ್ಳದೆಯೇ ಹಳೆಯದನ್ನು ಬಿಚ್ಚಿಬಿಟ್ಟಿದ್ದೆ.

ಪಕ್ಕದ ಮನೆಯ ಹಸಿಂತೊ ಮಾಮ ನಕ್ಕ. "ಅಪ್ಪನ ಮೂಗು ಬಂತು, ಬುದ್ಧಿ ಬರ್ಲಿಲ್ಲ! ಬಾನೆಟ್ ಒಳಗಡೆ ನೋಡೇ."

ಅಲ್ಲಿ ಅಮ್ಮನ ನೇಲ್ ಪಾಲಿಶ್‌ನಲ್ಲಿ ನೀನು ಬೆಲ್ಟಿನ ದಾರಿ ಬರೆದಿಟ್ಟಿದ್ದೆ.

ಬಿಗಿ ಕೊಡುವ ಪುಲ್ಲಿಯನ್ನು ಮಾಮ ಸ್ಪ್ಯಾನರ್‌ನಿಂದ ಎಳೆದು ಹಿಡಿದ, ನಾನು ಬೆಲ್ಟ್ ತೂರಿಸಿದೆ. ಎರಡೇ ನಿಮಿಷ. ಕಳೆದ ಸಲ ಬೆಲ್ಟ್ ಬದಲಿಸಬೇಕಾದಾಗ ನೀನು ಫೋನಿನಲ್ಲಿ, "ಭಾನುವಾರ ಪೊನ್ಸೆಗೆ, ಮನೆಗೆ ಬಾರಮ್ಮಾ, ಒಂಚೂರು ಹಿಡ್ಕೊಂಡ್ರೆ ಸಾಕು" ಎಂದಿದ್ದೆ. "ನೋಡ್ತೀನಿ" ಎಂದಿದ್ದೆ ನಾನು.

ಸ್ಪ್ಯಾನರ್ ಇಡಲು ಡಿಕ್ಕಿ ತೆರೆದರೆ ಕುಣಿಕೆ ಹಾಕಿದ ಹಗ್ಗವೊಂದಿತ್ತು.

"ಆ ಭಾನುವಾರ ನಿನ್ನಪ್ಪ ಪುಲ್ಲೀನ ಇದ್ರಲ್ಲೇ ಎಳೆದು ಕಂಬಕ್ಕೆ ಕಟ್ಟಿ, ಒಬ್ಬನೇ ಹಾಕ್ದ," ಎಂದ ಮಾಮ. "ಬೆಳಗ್ಗೇನೇ ನಾನ್ ಬರ್ಲಾ ಅಂತ ಕೇಳಿದ್ದೆ. ಬೇಡ, ಮಗಳು ಬರ್ತಾಳೆ ಅಂದ. ಸಂಜೆವರೆಗೂ ಕಾದ."