ಒಳಗಿನಿಂದ ಹಾಕಿದ ಚಿಲಕ

ಹಡಗಿನ ಬೆಸುಗೆ ಕೋಣೆ,
ಹದಿನೆಂಟನೆಯ ತಾರೀಕು, ಊಟದ ಹೊತ್ತು

ಪ್ರೀತಿಯ ಇವರಿಗೆ,

ಹೆಸರು ಹಿಡಿದು ಬರೆಯೋಣವೆಂದು ಕೂತೆ, ಕೈ ಬರಲಿಲ್ಲ. ಮದುವೆಯಾದಾಗಿನಿಂದ ‘ಇವರು’, ‘ರೀ’ ಎಂದೇ ಕರೆದವಳಿಗೆ ಆಕಾಶದ ಈ ತುದಿಗೆ ಬಂದ ಮಾತ್ರಕ್ಕೆ ನಾಲಿಗೆ ಹೊರಳೀತೇ? ನಿಮ್ಮ ಮಂಡಿನೋವು ಹೇಗಿದೆ? ಬಂದರಿನ ಬಾಗಿಲುಮನೆಯಲ್ಲಿ ಇಡೀ ಪಾಳಿ ನಿಂತೇ ಇರಬೇಡಿ. ಸ್ಟೂಲು ಎಳೆದುಕೊಂಡು ಕೂರಿ, ಹಡಗು ಬಂದಾಗ ಎದ್ದರೆ ಸಾಕು, ಬರುವುದೇನು ನಿಮ್ಮ ಮಾವನಲ್ಲ. ಅತ್ತೆಯ ಕಣ್ಣಿನ ಪೊರೆ ತೆಗೆಸಿದಿರಾ? ಪುಟ್ಟಿಗೆ ಮುಂದಿನ ಹಲ್ಲು ಬಂತೇ? ಬೊಚ್ಚುಬಾಯಲ್ಲಿ ‘ಅಮ್ಮ ಬೇಗ್ ಬಾ’ ಎಂದು ಅವಳು ಕೂಗಿ ಕಳಿಸಿದ್ದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಪಕ್ಕದ ಮಂಚದವರು ‘ನಿನ್ ಮಗಳು ನಮಗೂ ಮಗಳಾಗಿಬಿಟ್ಳು ಮಾರಾಯ್ತಿ’ ಎನ್ನುತ್ತಿದ್ದರು. ನಾನು ಸೌಖ್ಯ ಎಂದು ಬರೆಯುವುದು ರೂಢಿ. ಅದನ್ನು ಬರೆಯಲು ಇವತ್ತು ನಾಚಿಕೆಯಾಗುತ್ತಿದೆ.

ನಾವು ಒಡೆಯಲು ಹೋಗಿದ್ದು ಒಂದು ಹಳೆಯ ಕಟ್ಟಡ ಎಂದಷ್ಟೇ ನಿಮಗೆ ಹೇಳಿದ್ದೆ. ನೆಲದ ಮೇಲಿನ ಕಟ್ಟಡವಲ್ಲ. ತಣ್ಣಗಾಗಿ ಸತ್ತುಹೋದ ಒಂದು ನಕ್ಷತ್ರವನ್ನು ಸುತ್ತುತ್ತ ತೇಲುವ ಕಪ್ಪು ಗಾಲಿ ಅದು. ನಮ್ಮ ಇಡೀ ಬಂದರನ್ನು ಅದರ ಮೂಲೆಯಲ್ಲಿಟ್ಟರೆ ಹುಡುಕಿಕೊಳ್ಳಬೇಕು. ಮನುಷ್ಯ ಎರಡು ಕಾಲಿನ ಮೇಲೆ ಎದ್ದು ನಿಲ್ಲುವ ಮೊದಲೇ ಯಾರೋ ಕಟ್ಟಿದ್ದು. ಯಾರು, ಯಾತಕ್ಕೆ, ಕಟ್ಟಿದವರು ಎಲ್ಲಿ ಹೋದರು, ಯಾರಿಗೂ ಗೊತ್ತಿಲ್ಲ. ಕಂಪನಿಗೆ ಬೇಕಾಗಿದ್ದು ಅದರ ಲೋಹ. ಅದರ ಕಥೆ ಬೇಕಾಗಿದ್ದು ಮೇಷ್ಟ್ರೊಬ್ಬರಿಗೆ ಮಾತ್ರ. ಹಳೆಯ ಜೀವಿಗಳ ಕುರುಹು ಓದಲು ಕಂಪನಿ ಕಳಿಸಿದ್ದ ವಿದ್ವಾಂಸರು ಅವರು, ಮೃದು ಮನುಷ್ಯ, ತಟ್ಟೆ ತೊಳೆಯುವಾಗಲೂ ಶ್ಲೋಕ ಹೇಳುವ ಹಾಗೆ ಏನೋ ಗೊಣಗುತ್ತಿರುತ್ತಿದ್ದರು. ಬಾಗಿಲು ಕೊಯ್ಯುವ ಕೆಲಸ ನನಗೂ ಗುಂಡಣ್ಣನಿಗೂ. ಗುಂಡಣ್ಣ ನನ್ನ ಜೋಡಿಯ ಬೆಸುಗೆಯವ. ಹೆಸರಿಗೆ ತಕ್ಕ ಮೈ, ಒಂಟಿಯಾಗಿರುವುದೇ ಸುಖ ಎನ್ನುವ ಆಸಾಮಿ. ಮೊದಲ ಬಾಗಿಲಿಗೆ ಜ್ವಾಲೆ ಹಿಡಿದವಳು ನಾನು. ಹಲಗೆ ಬಿದ್ದ ಕೂಡಲೇ ಒಳಗಿನಿಂದ ಬೂದಿಯಂಥ ಧೂಳು ಬಂತು. ಗಾಳಿಯೇ ಇಲ್ಲದ ಜಾಗದಲ್ಲಿ ಧೂಳು ಹಾರಬಾರದು, ಆದರೂ ಅದು ನೆಟ್ಟಗೆ ನಮ್ಮ ಕಡೆಗೇ ಬಂತು. ಕಾಡಿನಲ್ಲಿ ಕಳೆದುಹೋದ ನಾಯಿ ಮನುಷ್ಯರನ್ನು ಕಂಡು ಓಡಿಬರುತ್ತದಲ್ಲ, ಹಾಗೆ. ನಮ್ಮ ಉಡುಪಿಗೆ ಅಂಟಿಕೊಂಡು ಹಡಗಿನೊಳಕ್ಕೂ ಬಂತು.

ಒಳಗೆ ಉದ್ದಕ್ಕೂ ಪುಟ್ಟ ಪುಟ್ಟ ಕೋಣೆಗಳು, ಸಾಲು ಮುಗಿಯುವುದೇ ಇಲ್ಲ. ನಾವು ತೆರೆದ ಒಂದೊಂದರಲ್ಲೂ ಒಂದೇ ಒಂದು ಜೀವ, ಒಣಗಿ ಸುರುಟಿ ಕೂತಿತ್ತು. ಬಹಳ ಕೈಗಳು, ಮುಖವೆಂದು ಕರೆಯಲು ಏನೂ ಇಲ್ಲ. ‘ಬಾಡಿಗೆಯೋರು ಇನ್ನೂ ಖಾಲಿ ಮಾಡಿಲ್ಲ ಕಣೇ’ ಎಂದು ಗುಂಡಣ್ಣ ನಕ್ಕ, ನಾನೂ ನಕ್ಕೆ. ಆ ಕೋಣೆಗಳ ಗೋಡೆಗಳ ಮೇಲೆ ಗೀರು ಚಿತ್ರಗಳಿದ್ದವು, ದೊಡ್ಡದೊಂದು, ಚಿಕ್ಕವು ಎರಡು ಮೂರು, ಅದೇ ಬಹಳ ಕೈಗಳು. ಪುಟ್ಟಿ ಗೋಡೆಯ ಮೇಲೆ ನಮ್ಮನ್ನು ಬರೆಯುತ್ತಾಳಲ್ಲ, ಥೇಟ್ ಹಾಗೆ. ಆ ಗೋಡೆಗಳನ್ನೂ ತೂಕಕ್ಕೆ ಕೊಯ್ದು ಹಾಕಿದೆವು.

ಆಮೇಲಿನದು ಮೊದಲಿಗೆ ಒಳ್ಳೆಯದೇ ಅನ್ನಿಸಿತು, ಅದೇ ಅದರ ಕಪಟ. ಹಡಗಿನಲ್ಲಿ ಹಾವು ಮುಂಗುಸಿಯಂತಿದ್ದವರು ಒಂದೇ ಬೆಂಚಿನ ಮೇಲೆ ಕೂತು ಊಟ ಮಾಡತೊಡಗಿದರು. ತಮ್ಮ ತಮ್ಮ ಮಂಚಕ್ಕೆ ಹೋಗಲು ಯಾರಿಗೂ ಮನಸ್ಸಿಲ್ಲ, ಎಲ್ಲರೂ ಊಟದ ಕೋಣೆಯಲ್ಲೇ ಹಾಸಿಕೊಂಡು ಮಲಗಿದೆವು. ದೊಡ್ಡ ಮನೆಯ ಹುಡುಗರು ನಡುಮನೆಯಲ್ಲಿ ಮಲಗಿದ ಹಾಗೆ. ಕ್ಯಾಪ್ಟನ್ನಮ್ಮ ಕೂಡ ತಮ್ಮ ಬೀಗದ ಕೋಣೆ ಬಿಟ್ಟು ನಮ್ಮ ನಡುವೆ ಬಂದರು. ಒಂಟಿತನವೇ ಸುಖ ಎನ್ನುತ್ತಿದ್ದ ಗುಂಡಣ್ಣ ಯಾರದಾದರೂ ಕೈ ಹಿಡಿಯದೆ ನಿದ್ದೆ ಬರುವುದಿಲ್ಲ ಎನ್ನತೊಡಗಿದ. ನಾವು ಗೇಲಿ ಮಾಡಿದೆವು. ಅವನ ಬೆರಳುಗಳ ಸುತ್ತ ಉಂಗುರ ತೊಡಿಸಿದಂತೆ ಬೂದು ಬಣ್ಣದ ಗೆರೆ ಕಂಡಾಗ ಗೇಲಿ ನಿಂತಿತು. ಅವನ ಮೈ ಒಣಗಿದ ರೀತಿಯನ್ನು ನಿಮಗೆ ಬರೆಯಲಾರೆ. ಕೊನೆಗೆ ನನ್ನ ಕೈ ಹಿಡಿದುಕೊಂಡೇ ಹೋದ. ‘ಬಿಡಬೇಡ್ವೇ, ಬಿಡಬೇಡ್ವೇ’ ಎನ್ನುತ್ತಿದ್ದ. ನಾನು ಬಿಡಲಿಲ್ಲ. ಅದೊಂದು ಒಳ್ಳೆಯ ಕೆಲಸ ಮಾಡಿದೆನೆಂದು ಅವತ್ತು ಅಂದುಕೊಂಡಿದ್ದೆ.

ಮೇಷ್ಟ್ರು ಗುಂಡಣ್ಣನ ಬೆರಳು ನೋಡಿದವರೇ ಗಾಲಿಯೊಳಕ್ಕೆ ಹೋಗಿ, ಕೋಣೆಯಿಂದ ಕೋಣೆಗೆ ಓಡಾಡಿ ಬಂದರು. ಬಂದವರು ನನ್ನ ಎದುರಿನ ಬೆಂಚಿನಲ್ಲಿ ಕುಸಿದು ಕೂತರು. ‘ಅವುಗಳ ಕೈಗೂ ಇದೇ ಗೆರೆ ಇದೆ ಕಣಮ್ಮ. ನಾನು ಇದನ್ನ ಜೈಲು ಅಂದ್ಕೊಂಡಿದ್ದೆ. ಜೈಲಲ್ಲ. ಚಿಲಕ ನೋಡು, ಎಲ್ಲಾ ಒಳಗಡೆ ಇವೆ. ಯಾರೂ ಇವರನ್ನ ಕೂಡಿ ಹಾಕಿಲ್ಲ, ತಾವೇ ಬಂದು ತಾವೇ ಹಾಕ್ಕೊಂಡಿದಾರೆ’ ಎಂದರು. ರೋಗ ಹತ್ತಿದವರಿಗೆ ಜನರ ನಡುವೆ ಇರಬೇಕು, ತಮ್ಮವರನ್ನು ಸೇರಬೇಕು ಎಂಬ ಹಂಬಲ ಹತ್ತುತ್ತದಂತೆ. ಆ ಹಂಬಲದ ಬೆನ್ನೇರಿಯೇ ಅದು ಒಂದು ಮೈಯಿಂದ ಇನ್ನೊಂದು ಮೈಗೆ, ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ದಾಟುವುದಂತೆ. ಅದಕ್ಕೇ ಆ ಜೀವಗಳು ತಮ್ಮವರಿಂದ ಇಷ್ಟು ದೂರ ಇಂಥದೊಂದು ಗಾಲಿ ಕಟ್ಟಿ, ಒಬ್ಬೊಬ್ಬರೇ ಕೋಣೆ ಸೇರಿ, ಮನೆಯವರ ಚಿತ್ರ ಗೀಚಿಕೊಂಡು ಪ್ರಾಣ ಬಿಟ್ಟಿವೆ. ಅಷ್ಟು ಸಾವಿರ ಜನರಲ್ಲಿ ಚಿಲಕ ತೆಗೆದವರು ಒಬ್ಬರೂ ಇಲ್ಲ. ತೆಗೆದವಳು ನಾನು, ಹೊರಗಿನಿಂದ.

ಊಟದ ಕೋಣೆಯಲ್ಲಿ ಸಭೆ ಸೇರಿತು. ‘ಇಲ್ಲೇ ಉಳಿಯೋಣ. ಅವರು ಉಳಿದ್ರಲ್ಲ, ನಮ್ಮ ಕೈಲಿ ಯಾಕಾಗಲ್ಲ?’ ಎಂದು ಮೇಷ್ಟ್ರು ಕೈ ಮುಗಿದು ಕೇಳಿದರು. ಕ್ಯಾಪ್ಟನ್ನಮ್ಮ ನೆಲ ನೋಡುತ್ತ, ‘ಮನೆಗೆ ಹೋಗೋಣ ಅನ್ನೋರು ಕೈ ಎತ್ತಿ’ ಎಂದರು. ರೀ, ಎಲ್ಲರಿಗಿಂತ ಮೊದಲು ಎದ್ದಿದ್ದು ನನ್ನ ಕೈ. ಯೋಚಿಸಲೂ ಇಲ್ಲ. ಪುಟ್ಟಿಯ ಬೊಚ್ಚುಬಾಯಿ ಕಣ್ಣೆದುರು ಬಂತು, ಕೈ ಎದ್ದಿತು. ಇಡೀ ಕೋಣೆಯಲ್ಲಿ ಕೈ ಎತ್ತದವರು ಮೇಷ್ಟ್ರೊಬ್ಬರೇ. ಅವರು ಬೈದಿದ್ದರೆ ಎದುರಾಡಬಹುದಿತ್ತು. ‘ಆಯ್ತಮ್ಮ’ ಎಂದರು, ಅಷ್ಟೇ.

ಮರುದಿನ ಅವರು ನನ್ನ ಬೆಸುಗೆ ಕೋಣೆಗೆ ಬಂದು ಕೈ ತೋರಿಸಿದರು. ಬೆರಳುಗಳ ಸುತ್ತ ಬೂದು ಗೆರೆ ಮೂಡಿತ್ತು. ‘ನಾನು ಅಲ್ಲೇ ಇರ್ತೀನಿ. ಸಾಲಿನ ಕೊನೇಲಿ ಒಂದು ಕೋಣೆ ಖಾಲಿ ಇದೆ, ಅದರ ಚಿಲಕ ಕೆಟ್ಟಿದೆ. ಹೊರಗಡೆಯಿಂದ ಒಂಚೂರು ಬೆಸುಗೆ ಹಾಕಿಕೊಡ್ತೀಯಾ?’ ಎಂದರು, ಹರಿದ ಚೀಲಕ್ಕೆ ಹೊಲಿಗೆ ಹಾಕಿಕೊಡು ಎನ್ನುವ ಹಾಗೆ. ಹೋದೆ. ಅವರು ಒಳಗೆ ಕೂತು, ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, ಹೂಂ ಎಂದು ತಲೆಯಾಡಿಸಿದರು. ‘ನೀನೂ ಇದ್ದುಬಿಡು’ ಎಂದು ಒಂದು ಮಾತೂ ಅನ್ನಲಿಲ್ಲ. ಪಕ್ಕದ ಕೋಣೆಯೂ ಖಾಲಿಯಿತ್ತು, ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು. ನಾನು ಬಾಗಿಲಿಗೆ ಬೆಸುಗೆ ಹಾಕಿದೆ. ನನ್ನ ಕೈಯ ಅತ್ಯಂತ ಅಚ್ಚುಕಟ್ಟಾದ ಕೆಲಸ ಅದು. ವಾಪಸು ಬರುವಾಗ ಅತ್ತುಬಿಟ್ಟೆ. ಅವರಿಗಾಗಿ ಅಳುತ್ತಿದ್ದೇನೆ ಎಂದುಕೊಂಡಿದ್ದೆ. ಹಡಗಿನ ದೀಪಗಳು ಕಂಡಾಗ ಗೊತ್ತಾಯಿತು, ನನ್ನನ್ನು ಬಿಟ್ಟು ಹೊರಟುಹೋಗಿಲ್ಲವಲ್ಲ ಎಂಬ ಖುಷಿಗೆ ಅತ್ತಿದ್ದೆ. ಮುಖವಿಲ್ಲದವರು ತಮ್ಮವರಿಗಾಗಿ ಮಾಡಿದ್ದು ಅದು. ಮುಖವಿಟ್ಟುಕೊಂಡು ನಾವು ಮಾಡುತ್ತಿರುವುದು ಇದು. ಆಮೇಲೆ ನಾನು ಕನ್ನಡಿಯ ಮುಂದೆ ನಿಂತಿಲ್ಲ.

ಇನ್ನೂ ಒಂದು ಇದೆ, ಅದನ್ನು ಹೇಳದಿದ್ದರೆ ಇಷ್ಟು ಬರೆದದ್ದೆಲ್ಲ ನೀರಿನಲ್ಲಿ ಹೋಮ. ನೆನ್ನೆ ಕ್ಯಾಪ್ಟನ್ನಮ್ಮ ನನ್ನ ಪಕ್ಕ ಬಂದು ಕೂತು ಭುಜಕ್ಕೆ ಭುಜ ತಾಗಿಸಿದರು. ದೂರದಿಂದ ಬಂದ ಹಡಗು ಬಂದರಿನ ಹೊರಗೇ ನಿಂತು ತಪಾಸಣೆ ಮುಗಿಸಬೇಕೆಂಬ ನಿಯಮ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ‘ಬಾಗಿಲುಮನೆಯಲ್ಲಿ ನಿನ್ನ ಯಜಮಾನರೇ ಇದಾರಲ್ಲ. ನೀನೊಂದು ಮಾತು ಹೇಳು, ಎಲ್ರೂ ಆರೋಗ್ಯವಾಗಿದೀವಿ ಅಂತ. ನಿನ್ನ ದನಿ ಕೇಳಿದ್ರೆ ಅವರು ತಪಾಸಣೆಗೆ ಕಾಯಲ್ಲ’ ಎಂದರು. ಅವರು ಕೆಟ್ಟವರಲ್ಲ. ಅವರಿಗೂ ಮನೆಯಲ್ಲಿ ಕಾಯುವವರಿದ್ದಾರೆ. ನಾನು ಹೂಂ ಅಂದೆ. ಬರೀ ಹೂಂ ಅಲ್ಲ, ಏನು ಹೇಳಿದರೆ ನಿಮ್ಮ ಮನಸ್ಸು ಕರಗುತ್ತದೆ ಎಂಬುದನ್ನೂ ಅವರಿಗೆ ತಿಳಿಸಿಕೊಟ್ಟೆ. ಉಂಡ ಮನೆಗೆ ಕನ್ನ ಕೊರೆಯುವವರ ಕಥೆ ಕೇಳಿದ್ದೆ, ಗೋಡೆ ಎಲ್ಲಿ ತೆಳ್ಳಗಿದೆಯೆಂದು ತೋರಿಸುವವಳು ಮನೆಯೊಡತಿಯೇ ಆಗಿರುತ್ತಾಳೆಂದು ಕೇಳಿರಲಿಲ್ಲ. ನಿಮ್ಮನ್ನು ನೋಡಬೇಕೆಂಬ ಆಸೆ ಎದೆಯಲ್ಲಿ ಹೇಗೆ ಕುದಿಯುತ್ತಿದೆಯೆಂದರೆ, ಇದು ನನ್ನದೋ ಆ ಧೂಳಿನದೋ ನನಗೇ ತಿಳಿಯುತ್ತಿಲ್ಲ. ನನ್ನದೇ ಇರಬೇಕೆಂದು ಆಸೆ. ಅದು ಧೂಳಿನ ಆಸೆಯಾದರೆ ಇಷ್ಟು ವರ್ಷದ ಸಂಸಾರಕ್ಕೆ ನಾನು ಯಾವ ಮುಖ ತೋರಿಸಲಿ?

ಅತ್ತೆಗೆ ನನ್ನ ನಮಸ್ಕಾರ, ಕಣ್ಣಿಗೆ ಔಷಧಿ ಬಿಡುವುದನ್ನು ಅವರು ಮರೆಯುತ್ತಾರೆ, ನೀವು ನೆನಪಿಡಿ. ಪುಟ್ಟಿ ನೂರು ಕಾಲ ಬಾಳಲಿ, ಹಟಮಾರಿಯಾಗಿಯೇ ಬಾಳಲಿ. ಓದು ಎಂದರೆ ಕೇಳದ ಹುಡುಗಿ, ಹೆದರಿಸಬೇಡಿ, ಪಕ್ಕದಲ್ಲಿ ಕೂತು ಓದಿಸಿ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ಮುಂದೆ ತಲೆ ಎತ್ತಲಾಗದ,
ಪುಟ್ಟಿಯ ಅಮ್ಮ

ತಾ.ಕ.: ಇದು ಅಲೆಯಾಗಿ ಬಂದು ನಿಮ್ಮಲ್ಲೇ ಅಚ್ಚಾಗುವ ಪತ್ರ, ಮುಟ್ಟಲು ಹೆದರಬೇಡಿ. ಮನೆಗೆ ಬರೆದ ಪತ್ರಗಳನ್ನು ಇಲ್ಲಿ ಯಾರೂ ತೆರೆದು ನೋಡುವುದಿಲ್ಲ, ಹಡಗಿನಲ್ಲಿ ಉಳಿದಿರುವ ಮರ್ಯಾದೆ ಅದೊಂದೇ. ಹೊರಡುವ ಗಂಟೆ ಹೊಡೆಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ನಾವು ಬಂದು ಕರೆದಾಗ ಬಾಗಿಲು ತೆಗೆಯಬೇಡಿ. ತಪಾಸಣೆಯವರನ್ನೂ ಹಡಗಿನೊಳಕ್ಕೆ ಕಳಿಸಬೇಡಿ, ಈ ಪತ್ರವನ್ನು ನಿಮ್ಮ ಮೇಲಿನವರಿಗೆ ಈಗಲೇ ತೋರಿಸಿ. ನಾನು ಅಳುತ್ತೇನೆ, ತೆಗೆಯಬೇಡಿ. ಜ್ವರದಲ್ಲಿ ಏನೋ ಬರೆದಿದ್ದೆ, ಅದೆಲ್ಲ ಸುಳ್ಳು ಎಂದು ನಾನೇ ಆಣೆ ಮಾಡಿ ಹೇಳುತ್ತೇನೆ, ಆಗಲೂ ತೆಗೆಯಬೇಡಿ. ಗಂಡನೋ ಶತ್ರುವೋ ಎಂದು ಬೈಯುತ್ತೇನೆ, ಬೈಸಿಕೊಳ್ಳಿ. ಕರೆ ಬಂದಾಗ ಪುಟ್ಟಿಯನ್ನು ಮಾತ್ರ ಬಾಗಿಲುಮನೆಯ ಹತ್ತಿರ ಬಿಟ್ಟುಕೊಳ್ಳಬೇಡಿ. ನಿಮ್ಮನ್ನು ಒಪ್ಪಿಸಲಾಗದಿದ್ದರೆ ನಾನು ಅವಳನ್ನು ಕೇಳುತ್ತೇನೆ.