ಅರವತ್ತೊಂದನೆಯ ಪುಟ

ಅಲ್ ಹೈಲ್, ಮಸ್ಕತ್
೧೪ ನವೆಂಬರ್ ೨೦೨೫

ಪ್ರಿಯ ಬಸವಕುಮಾರ,

ಹೇಗಿದ್ದೀ? ನಾವು ಆರಾಮ, ಉಜ್ವಲಾಳ ಮೊಣಕಾಲೊಂದು ಮಾತ್ರ ಹಾಗೆನ್ನಲು ಒಪ್ಪುತ್ತಿಲ್ಲ. ನಿನ್ನ ಅನುವಾದದ ಪುಸ್ತಕ ತಲುಪಿ ಮೂರು ವಾರವಾದರೂ ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಫೋನ್ ಮಾಡಬಹುದಿತ್ತು. ಆದರೆ ಧಾರವಾಡದ ಹಾಸ್ಟೆಲ್ಲಿನ ದಿನಗಳಿಂದಲೂ ಮಾತಿನಲ್ಲಿ ನೀನು ಗೆಲ್ಲುವವ, ನಾನು ಬಾಯಿ ಮುಚ್ಚಿ ನಿಲ್ಲುವವ. ಅದಕ್ಕೇ ಕಾಗದ.

ಮುಖಪುಟ ಚೆಂದ ಬಂದಿದೆ. ತುರ್ಕಿ ಕವಿಯ ಹೆಸರು ದೊಡ್ಡ ಅಕ್ಷರದಲ್ಲಿ, ನಿನ್ನದು ಅದಕ್ಕಿಂತ ದೊಡ್ಡದರಲ್ಲಿ. ಹಕೀಂಗೆ ತೋರಿಸಿದೆ. ಗೊತ್ತಲ್ಲ, ನಮ್ಮ ಕಂಪನಿಯ ಸರ್ವೇಯರ್, ತುರ್ಕಿಯವನು. ನಾಲ್ಕು ವರ್ಷ ಕೆಲಸ ಮುಗಿದ ಮೇಲೆ ಕರಕ್ ಚಹಾ ಕುಡಿಯುತ್ತಾ ಅವನು ಒಂದೊಂದೇ ಸಾಲು ಓದಿ ಅರ್ಥ ಹೇಳುತ್ತಿದ್ದ. ನಾನು ಕನ್ನಡದಲ್ಲಿ ಪ್ರಾಸ ಕೂಡಿಸಿ ನಿನಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದೆ. “ದೋಸ್ತ, ನೀ ಬರೇ ಹೇಳ್ಕೋತ ಹೋಗು, ಉಳದದ್ದು ನಾ ನೋಡ್ಕೋತೀನಿ” ಅಂದಿದ್ದೆ ನೀನು. ನೋಡಿಕೊಂಡಿದ್ದೀ.

“ಭಾಯ್, ಇದರಲ್ಲಿ ನೀನೆಲ್ಲಿ?” ಅಂದ ಹಕೀಂ. ಮುನ್ನುಡಿಯ ಕೊನೆಯ ಸಾಲಿಗೆ ಬೆರಳಿಟ್ಟೆ: ‘ಒಮಾನದ ಮಿತ್ರರೊಬ್ಬರು ಸಹಕರಿಸಿದ್ದಾರೆ.’

“ಖಲಾಸ್?”

“ಖಲಾಸ್.”

ಮುನ್ನುಡಿಯಲ್ಲಿ ಕವಿಯ ಬದುಕನ್ನು ಚೆನ್ನಾಗಿ ಬರೆದಿದ್ದೀ: ಮೇಷ್ಟರ ಕೆಲಸ ಹೋದದ್ದು, ಜೈಲಿನ ಎರಡು ಚಳಿಗಾಲ, ನಾಡು ನಾಡು ಎಂದು ಹಾಡಿದವನು ಆ ನಾಡಿನಲ್ಲೇ ಬಾಡಿಗೆ ಮನೆ ಸಿಗದೆ ಅಲೆದದ್ದು. ಆದರೆ ಅವನ ಕಾದಂಬರಿಯ ಮುಕ್ತಾಯವನ್ನೇಕೆ ಬಿಟ್ಟೆ? ಸೇನಾನಿ ಸೆರೆಸಿಕ್ಕ ಶತ್ರುವಿಗೆ ನೀರು ಕೊಡುತ್ತಾನೆ. ಮೋಸ ಮಾಡಿದ ಗೆಳೆಯನಿಗೆ ಮಾತ್ರ ತನ್ನ ಕುದುರೆಯನ್ನೇ ಕೊಟ್ಟು, ‘ಕಣ್ಣೆದುರು ನಿಲ್ಲಬೇಡ’ ಅನ್ನುತ್ತಾನೆ. ನನ್ನ ಬಳಿ ಕುದುರೆಯಿಲ್ಲ. ಇರುವ ಹಳೆಯ ಕಾರು ಕೊಟ್ಟರೆ ಇಲ್ಲೇ ಇಬ್ರಾ ಊರು ದಾಟುವುದರೊಳಗೆ ಕೆಟ್ಟು ನಿಂತೀತು, ನೀನು ನನಗೇ ಫೋನ್ ಮಾಡೀಯ.

ನಿನ್ನ ಮಗಳು ಪ್ರೇರಣಾಗೆ ನಮ್ಮಿಬ್ಬರ ಆಶೀರ್ವಾದ. ಪರೀಕ್ಷೆ ಚೆನ್ನಾಗಿ ಬರೆಯಲಿ, ಸ್ವಂತದ್ದೇ ಬರೆಯಲಿ.

ನಿನ್ನ ‘ಒಮಾನದ ಮಿತ್ರ’,
ಭೀಮರಾಯ

ತಾ.ಕ.: ಹೆಸರಿನ ಮಾತು ಹಾಳಾಗಲಿ. ಅರವತ್ತೊಂದನೆಯ ಪುಟದ ಪದ್ಯ ತುರ್ಕಿ ಕವಿಯದಲ್ಲ. ವಿಮಾನಗಳೆಲ್ಲ ನಿಂತಿದ್ದ ಆ ವರ್ಷ ನಮ್ಮವ್ವ ಪಾರವ್ವ ತೀರಿಕೊಂಡಾಗ, ಊರಿಗೆ ಬರಲಾಗದೆ ಇಲ್ಲಿ ಕೂತು ಕಟ್ಟಿ, ನಿನಗೊಬ್ಬನಿಗೇ ಹೇಳಿ ಕಳಿಸಿದ್ದು:

ಮಣ್ಣು ಕೊಡಲು ಬರಲಿಲ್ಲವ್ವಾ, ದೂರದೂರಿನ ಮಗ;
ಕಣ್ಣು ಕಟ್ಟಿ ಕೂರಿಸಿತ್ತು ಮರಳುಗಾಡಿನ ಜಗ.

ನೀನು ಅವ್ವನನ್ನು ತೆಗೆದು ‘ನಾಡೇ’ ಎಂದು ಹಾಕಿದ್ದೀ. ಉಜ್ವಲಾ ಓದಿ, “ಇದು ಅತ್ತಿಯವರ ಪದ್ಯ ಅಲ್ಲೇನ್ರೀ? ನಾಡಿಗೆ ಯಾರರ ಮಣ್ಣು ಕೊಡ್ತಾರೇನು?” ಅಂದಳು. ಪುಸ್ತಕ ಬಿಡುಗಡೆಯ ದಿನ ಅದನ್ನೇ ಕವಿಯ ದೇಶಭಕ್ತಿಯ ಶಿಖರ ಎಂದು ಹೊಗಳಿದರಂತೆ, ನೀನು ಕೈಮುಗಿದೆಯಂತೆ.

ಮರುಮುದ್ರಣವಾದರೆ ಆ ಪುಟ ಕಿತ್ತುಹಾಕು. ನನ್ನ ಹೆಸರು ಎಲ್ಲಿಯೂ ಬೇಡ. ಆದರೆ ಗೊತ್ತಾಗದೆ ಆಯಿತು ಅಂತ ಮಾತ್ರ ಬರೆಯಬೇಡ, ಬಸವಕುಮಾರ. ಅವತ್ತು ನನ್ನ ಬದಲಿಗೆ ಕುಣಿಯ ಬಳಿ ನಿಂತು, ಅವ್ವನಿಗೆ ಮಣ್ಣು ಕೊಟ್ಟವನು ನೀನೇ.