ಮುಚ್ಚಿದ ಬಾವಿಯ ಬಿದಿರು

ಕುರೊಸೆ ದ್ವೀಪ, ನಾಗಾಸಾಕಿ
ಮಾರ್ಚ್ ೨೧, ಗುರುವಾರ

ಪ್ರೀತಿಯ ತಮ್ಮ ಶೋಗೊ,

ನಿನ್ನ ಸೊಂಟ ಹೇಗಿದೆ? ಹಡಗಿನಲ್ಲಿ ಗಂಟೆಗಟ್ಟಲೆ ಬಗ್ಗಿ ಕೂತು ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ಜೋಡಿಸುವುದು ಐವತ್ತು ದಾಟಿದವನ ಕೆಲಸವಲ್ಲ ಎಂದು ಎಷ್ಟು ಹೇಳಿದರೂ ನೀನು ಕೇಳುವವನಲ್ಲ. ನಾನು ಹೆಣೆದ ಉಣ್ಣೆಯ ಪಟ್ಟಿ ಸೊಂಟಕ್ಕೆ ಸುತ್ತಿಕೊಳ್ಳುತ್ತೀಯೋ, ಜೊತೆಯವರು ನಗುತ್ತಾರೆಂದು ಪೆಟ್ಟಿಗೆಯಲ್ಲಿಟ್ಟಿದ್ದೀಯೋ? ನಾನು ಚೆನ್ನಾಗಿದ್ದೇನೆ, ಮೊಣಕಾಲಿನ ತಕರಾರು ಹಳೆಯದು. ನಿನ್ನೆ ಹಿರಿಯರನ್ನು ನೆನೆಯುವ ಹಿಗಾನ್ ಅಲ್ಲವೇ, ಒಹಾಗಿ ಉಂಡೆ ಮಾಡಿ ಅಪ್ಪ ಅಮ್ಮನ ಪಟದ ಮುಂದಿಟ್ಟೆ. ನಿನ್ನ ಪಾಲಿನದನ್ನೂ ನಾನೇ ತಿಂದೆ.

ಕಾಗದದ ಮೇಲೆ ಏಕೆ ಬರೆಯುತ್ತಿದ್ದೇನೆಂದು ನಿನಗೆ ಹೇಳಬೇಕಾಗಿಲ್ಲ. ಎಂಟನೇ ತಾರೀಖು ಯಾವುದೋ ಹಡಗಿನ ಲಂಗರು ಸಮುದ್ರದಡಿಯ ನಮ್ಮ ಇಂಟರ್ನೆಟ್ ಕೇಬಲ್ ಕಿತ್ತ ಮೇಲೆ ದ್ವೀಪಕ್ಕೆ ಉಳಿದಿರುವುದು ಒಂದೇ ಫೋನ್ ದಾರಿ, ಅದೂ ಆಸ್ಪತ್ರೆಗೆ ಮೀಸಲು. ಜೋಡಿಸಲು ಬರುವುದು ನಿನ್ನ ಹಡಗೇ ಎಂದು ಗೊತ್ತಾದಾಗ ನನಗೆ ನಗು ಬಂತು. ಮೀನುಗಾರರ ಸಂಘದಲ್ಲಿ ಎಲ್ಲರೂ ಕ್ಲೌಡ್ ಎಂದರೆ ಆಕಾಶ ನೋಡುತ್ತಾರೆ. ಅದು ಸಮುದ್ರದ ತಳದಲ್ಲಿ ಕೆಸರು ಮೆತ್ತಿಕೊಂಡು ಬಿದ್ದಿರುತ್ತದೆ ಎಂದು ಹತ್ತು ವರ್ಷದ ಹಿಂದೆಯೇ ನನಗೆ ಹೇಳಿದವನು ನೀನು.

ಈಗ ನನ್ನ ಸಂಗತಿ ಕೇಳು. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳುವುದು ಒಳ್ಳೆಯದು. ಹೋದ ವರ್ಷ ಸಂಘದ ಲೆಕ್ಕ, ಪಟ್ಟಿ ಎಲ್ಲವನ್ನೂ ಕ್ಲೌಡ್‌ಗೆ ಕೊಟ್ಟರಲ್ಲ, ಆಗ ಕಂಪನಿಯಿಂದ ಬಂದ ಹುಡುಗ ಬಹಳ ವಿನಯದಿಂದ ವಿವರಿಸಿದ. "ನೋಡಿ ಅಕ್ಕಾ, ಮನೆಗೆ ನಲ್ಲಿ ಬಂದ್ಮೇಲೆ ಯಾರಾದ್ರೂ ಬಾವಿ ಸೇದ್ತಾರಾ? ತಿರುಗಿಸಿದ್ರೆ ಬರತ್ತೆ, ಬಳಸಿದಷ್ಟಕ್ಕೆ ಕೊಟ್ರಾಯ್ತು. ಇನ್ಮುಂದೆ ಲೋಕವೆಲ್ಲಾ ಹೀಗೇ." ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೂವತ್ತೊಂದು ವರ್ಷ ಮಂಜುಗಡ್ಡೆ ಕೋಣೆಯ ಹಿಂದೆ ಸಂಘದ ಆ ಹಳೆಯ ಕಂಪ್ಯೂಟರ್ ಯಂತ್ರವನ್ನು ಸಾಕಿದವಳು ನಾನು. ಬಿರುಗಾಳಿಯಲ್ಲಿ ಉಪ್ಪುನೀರು ನುಗ್ಗಿದಾಗ ಅದನ್ನು ಬೆನ್ನಮೇಲೆ ಹೊತ್ತು ದೇವಸ್ಥಾನದ ಮೆಟ್ಟಿಲು ಹತ್ತಿದ್ದೇನೆ. ನಲ್ಲಿ ಬೇಡವೆಂದು ನಾನು ಹೇಳಲಿಲ್ಲ. ಆದರೆ ಬಾವಿ ಎಂದದ್ದೇ ತಡ ನನಗೆ ನಮ್ಮ ಹಿತ್ತಲು ನೆನಪಾಯಿತು.

ನೀನು ಎರಡನೇ ತರಗತಿ ಆಗ. ದ್ವೀಪಕ್ಕೆ ಕೊಳವೆ ನೀರು ಬಂತೆಂದು ಅಪ್ಪ ಬಾವಿ ಮುಚ್ಚಿಸಿದರು. ಪೂಜಾರಿ ಬಂದು ಉಪ್ಪು ಎರಚಿ ಸಾಕೆ ಮದ್ಯ ಸುರಿದ. ಮಣ್ಣು ತುಂಬುವ ಮೊದಲು ತಳದಿಂದ ಮೇಲಿನವರೆಗೆ ಒಂದು ಟೊಳ್ಳು ಬಿದಿರನ್ನು ನಿಲ್ಲಿಸಿದರು, ಬಾವಿಯ ದೇವರಿಗೆ ಉಸಿರು ಕಟ್ಟಬಾರದೆಂದು. ನೀನು ಬಿದಿರಿಗೆ ಕಿವಿಯಿಟ್ಟು, "ಅಕ್ಕಾ, ಬಾವಿ ಗೊರಕೆ ಹೊಡೀತಿದೆ" ಎಂದು ಊರಿಗೆಲ್ಲ ಸಾರಿದ್ದೆ. ಆ ಬಿದಿರಿಲ್ಲದೆ ನಮ್ಮಲ್ಲಿ ಇವತ್ತಿಗೂ ಯಾರೂ ಬಾವಿ ಮುಚ್ಚುವುದಿಲ್ಲ. ಹಾಗಾಗಿ ನಾನು ಸಭೆಯಲ್ಲಿ ಎದ್ದುನಿಂತು, ಹಳೆಯ ಯಂತ್ರವನ್ನು ಬಾವಿ ಎಂದಮೇಲೆ ಇದಕ್ಕೂ ಬಿದಿರು ಬೇಕು ಎಂದೆ. ಎಲ್ಲರೂ ನಕ್ಕರು. ಅಧ್ಯಕ್ಷ ಹಮಾಸಾಕಿಯವರೂ ನಕ್ಕು, "ಆಯ್ತು ಮಾರಾಯ್ತಿ, ನಿನ್ ಯಂತ್ರಕ್ಕೂ ಒಂದು ಬಿದಿರು ಚುಚ್ಚಿಟ್ಕೋ, ಉಸಿರಾಡ್ಲಿ" ಎಂದರು. ಅವರು ತಮಾಷೆ ಮಾಡಿದರು, ನಾನು ಅನುಮತಿ ಎಂದುಕೊಂಡೆ. ಅಂದಿನಿಂದ ಪ್ರತಿ ಶನಿವಾರ ಕ್ಲೌಡ್‌ನಲ್ಲಿರುವ ಪಟ್ಟಿಗಳ ಒಂದು ಪ್ರತಿಯನ್ನು ಹಳೆಯ ಯಂತ್ರಕ್ಕೆ ಇಳಿಸಿ, ಮತ್ತೆ ಅದನ್ನು ಆರಿಸಿಡುತ್ತಿದ್ದೆ.

ಹನ್ನೊಂದರಂದು ಬಂಡೆಗಳ ಮೇಲೆ ಬೆಳೆಯುವ ಹಿಜಿಕಿ ಕಡಲಪಾಚಿಯ ಕೊಯ್ಲು ಶುರುವಾಗಬೇಕಿತ್ತು. ಅಮಾವಾಸ್ಯೆಯ ಇಳಿತ, ಮೂರು ತಾಸಿನಲ್ಲಿ ಬಂಡೆಗಳು ಮತ್ತೆ ಮುಳುಗುತ್ತವೆ. ನಲವತ್ತಾರು ಮನೆಯವರು ಕುಡುಗೋಲು ಹಿಡಿದು ದಡದಲ್ಲಿ ನಿಂತಿದ್ದರು. ಈ ವರ್ಷ ಯಾವ ಬಂಡೆ ಯಾರಿಗೆ, ಯಾವ ಬಂಡೆಗೆ ವಿಶ್ರಾಂತಿ ಎಂಬ ಪಟ್ಟಿ ಇದ್ದದ್ದು ಕ್ಲೌಡ್‌ನಲ್ಲಿ, ಸಂಘದ ಪರದೆಗಳೆಲ್ಲ ಕಪ್ಪಗಿದ್ದವು. ಅಧ್ಯಕ್ಷರು ಪರವಾಗಿಲ್ಲ, ನೆನಪಿದೆ ಎಂದು ಧ್ವನಿವರ್ಧಕ ಹಿಡಿದರು. ಬಡಗಣ ಬಂಡೆಯನ್ನು ಎರಡು ಮನೆಗೆ ಕೊಟ್ಟರು. ಎಂಬತ್ತು ದಾಟಿಯೂ ಕಡಲಲ್ಲಿ ಮುಳುಗು ಹಾಕುವ ಹಟ್ಸುಯೊ ಅಜ್ಜಿಯ ಹೆಸರನ್ನೇ ಮರೆತರು. ಅಜ್ಜಿ ನೀರಿನಲ್ಲೇ ನಿಂತು, "ನಂಗೆ ಬಂಡೆ ಇಲ್ವಾ? ಸತ್ತೋದ್ಳು ಅಂದ್ಕೊಂಡ್ಯೇನೋ?" ಎಂದು ಕೇಳಿದಾಗ ಯಾರೂ ನಗಲಿಲ್ಲ. ಬಡಗಣ ಬಂಡೆಯವರು ಆಗಲೇ ಕುಡುಗೋಲು ಎತ್ತಿ ಮಾತಾಡುತ್ತಿದ್ದರು. ನಾನು ಹೋಗಿ ಹಳೆಯ ಯಂತ್ರ ಹಚ್ಚಿದೆ. ಅದು ಎಂದಿನಂತೆ ನರಳಿ, ಕೆಮ್ಮಿ, ಎದ್ದಿತು. ಪಟ್ಟಿ ಮುದ್ರಿಸಿ ತಂದು ಓದಿದೆ. ನೀರು ಏರುವ ಮೊದಲು ಎಲ್ಲರೂ ಕೊಯ್ದರು, ಅಜ್ಜಿ ಎಲ್ಲರಿಗಿಂತ ಹೆಚ್ಚು.

ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಊರೆದುರು ಮುಖಭಂಗವಾಯಿತೆಂದು ಅಧ್ಯಕ್ಷರಿಗೆ ಉರಿ ಹತ್ತಿತು. ಮರುದಿನವೇ ದೋಣಿ ಹತ್ತಿ ಪಟ್ಟಣಕ್ಕೆ ಹೋಗಿ ಕಂಪನಿಯವರನ್ನು ವಿಚಾರಿಸಿದರು. ಹೊರಗೆ ಪ್ರತಿ ಇಡುವುದು ಒಪ್ಪಂದಕ್ಕೆ ವಿರುದ್ಧ, ಅಷ್ಟು ಹಳೆಯ ಯಂತ್ರ ಕಳ್ಳರಿಗೆ ತೆರೆದ ಬಾಗಿಲು ಎಂದರಂತೆ. ಬರುವ ಭಾನುವಾರ ಸಭೆಯಿದೆ. ಯಂತ್ರವನ್ನು ಗುಜರಿಗೆ ಹಾಕಬೇಕೋ ಬೇಡವೋ ಎಂದು ಕೈ ಎತ್ತಿಸುತ್ತಾರೆ. ಅದಕ್ಕೂ ಮೊದಲು ನಾನು ಎಲ್ಲರೆದುರು ತಲೆಬಾಗಿ ತಪ್ಪಾಯಿತು ಎನ್ನಬೇಕಂತೆ.

ನಾನು ಬಾಗುವುದಿಲ್ಲ, ಶೋಗೊ. ಬಾಗಿಲಿಗೆ ಬೀಗ ಬೇಕೆಂದರೆ ಹಾಕೋಣ, ಒಪ್ಪಂದದಲ್ಲಿ ಒಂದು ಸಾಲು ಸೇರಿಸಬೇಕೆಂದರೆ ಕೇಳೋಣ. ಮುಂದಿನ ಕಾಲ ನಲ್ಲಿಯದೇ ಎಂದು ನನಗೂ ಗೊತ್ತು, ನಾನೂ ಅದರ ನೀರನ್ನೇ ಕುಡಿಯುವವಳು. ಆದರೆ ನಮ್ಮ ಬಂಡೆ ಯಾರದೆಂದು ತಿಳಿಯಲು ಸಮುದ್ರದಾಚೆಯವರನ್ನು ಕಾಯುತ್ತ ಕೂರುವುದನ್ನು ಯಾರಾದರೂ ಮುನ್ನಡೆ ಎಂದರೆ ನನಗೆ ಮೈ ಉರಿಯುತ್ತದೆ. ಇದನ್ನೇ ಭಾನುವಾರ ಹೇಳುತ್ತೇನೆ, ಬೆನ್ನು ನೆಟ್ಟಗೆ ಇಟ್ಟುಕೊಂಡು.

ಹೊತ್ತಿಗೆ ಸರಿಯಾಗಿ ಉಣ್ಣು. ಡೆಕ್ ಮೇಲೆ ಹಗ್ಗ ಹಿಡಿಯದೆ ಓಡಾಡಬೇಡ. ಅಪ್ಪ ಅಮ್ಮ ಅಲ್ಲಿಂದಲೇ ಕಾಪಾಡುತ್ತಿರಲಿ ನಿನ್ನನ್ನು, ನನ್ನ ಪಾಲಿನ ಆಯಸ್ಸೂ ನಿನಗೇ ಸೇರಲಿ.

ನಿನ್ನ ಅಕ್ಕ
ಕಿನುಯೊ

ತಾ.ಕ.: ದೋಣಿ ಹೊರಡುವ ಹೊತ್ತಾಯಿತು, ಇದನ್ನು ಕಟ್ಟೆಯ ಮೇಲೆ ಕೂತೇ ಗೀಚುತ್ತಿದ್ದೇನೆ. ಹಟ್ಸುಯೊ ಅಜ್ಜಿ ಈಗ ಬಂದು ಕಿವಿಯಲ್ಲಿ, "ನಿನ್ ತಮ್ಮಂಗೆ ಬರಿ, ಸೋಮವಾರದ ತನ್ಕ ನಿಧಾನ ಮಾಡ್ಲಿ. ಪರದೆ ಕಪ್ಪಗಿದ್ರೆ ಎಲ್ರೂ ನಿನ್ ಕಡೆಗೇ ಕೈ ಎತ್ತಾರೆ" ಎಂದಳು. ಒಂದು ಕ್ಷಣ ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬೇಡ. ಶನಿವಾರದೊಳಗೆ ಜೋಡಿಸಿಬಿಡು, ಸೊಂಟ ನೋವಾದರೂ ಸರಿ. ಕಷ್ಟ ಕಾಲದಲ್ಲಿ ಎತ್ತಿದ ಕೈ ಸುಖ ಬಂದ ಮರುದಿನ ಇಳಿಯುತ್ತದೆ. ನಲ್ಲಿಯಲ್ಲಿ ನೀರು ಬರುತ್ತಿರುವಾಗಲೇ ಅವರು ನನ್ನ ಬಾವಿಯ ಪರ ಕೈ ಎತ್ತಬೇಕು.